ಪೈನ್ ಹಲಗೆಯ ಗಂಟು

ಗಂಡನ ಮೇಲೆ ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರಿಗಳು ಕೊಳೆತು ಸಾಯುವ ರೋಗ ನಮ್ಮೂರು ಆಲೆಟ್ಟಿಗೆ ಬಂದು ನನ್ನ ಜೇನು ಕುಟುಂಬಗಳೆಲ್ಲ ಹೋಗಿದ್ದವು. ರೋಗ ತಾಳಿಕೊಂಡು ಉಳಿದದ್ದು ಒಂದೇ. ಅದರ ರಾಣಿಯಿಂದಲೇ ಮುಂದಿನ ವಂಶ ಆಗಬೇಕು. ಅವಳು ಸತ್ತರೆ ನನ್ನ ಜೇನು ಸಾಕಣೆಯೂ ಮುಗಿಯಿತು.

ಹಳೆಯ ಪೆಟ್ಟಿಗೆಯನ್ನು ಗೆದ್ದಲು ತಿಂದಿತ್ತು. ನನ್ನ ಗಂಡ ರೂಪೇಶ್ ಯಾವುದೋ ಯಂತ್ರದ ಪ್ಯಾಕಿಂಗಿನಿಂದ ಪೈನ್ ಹಲಗೆ ಬಿಚ್ಚಿ ಹೊಸದು ಮಾಡಿದರು. ಹಗುರ, ಕೀಸಿದರೆ ಬೆಣ್ಣೆ, ಬಿಸಿಲಲ್ಲೂ ಒಳಗೆ ತಂಪು ಅಂತ ಹೊಗಳಿದ್ದೇ ಹೊಗಳಿದ್ದು. ಎಲ್ಲ ಸರಿ, ಆದರೆ ಮೆದು ಮರ, ಗೆದ್ದಲಿಗೆ ಹಬ್ಬ. ಅದಕ್ಕೆ ನಮ್ಮ ಕಡೆ ಮಾಡಿನ ಮರಕ್ಕೆ ಬಳಿಯುವ ಹಾಗೆ ಗೇರೆಣ್ಣೆ, ಗೇರುಬೀಜದ ಸಿಪ್ಪೆಯ ಘಾಟು ಎಣ್ಣೆ, ಬಳಿದರು. ಹೊರಗೆ ಬಳಿದರೆ ಸಾಕಿತ್ತು, ಈ ಪುಣ್ಯಾತ್ಮ ಒಳಗೂ ಬಳಿದಿದ್ದರು. ಮೇಲಾಗಿ ನಾನು ಸುಳ್ಯಕ್ಕೆ ಹೋದಾಗ ಜೇನನ್ನು ಅದಕ್ಕೆ ದಾಟಿಸಿ, ರಾಣಿ ಹೊರಬರದಂತೆ, ಸಣ್ಣ ಹುಳಗಳಷ್ಟೇ ನುಸುಳುವ ಗೇಟು ಬಾಗಿಲಿಗೆ ಹಾಕಿಬಿಟ್ಟಿದ್ದರು.

ನಾನು ಬಂದಾಗ ಸುಡು ಮಧ್ಯಾಹ್ನ. ಹುಳಗಳೆಲ್ಲ ಹೊರಗೆ ಗೊಂಚಲುಗಟ್ಟಿ ಮೊರೆಯುತ್ತಿದ್ದವು. ಒಳಗಿನ ಘಾಟಿಗೆ ನನ್ನ ಕಣ್ಣೇ ಉರಿಯಿತು. ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆ ತರಿಸಿ, ಬದಿಗೊಂದು ತೂತು ಮಾಡಿ, ಜೇನಿನ ಎರಿಗಳನ್ನು ಒಂದೊಂದಾಗಿ ಅದಕ್ಕೆ ದಾಟಿಸಿದೆ. ಯಾವುದರಲ್ಲೂ ರಾಣಿಯಿಲ್ಲ. ಖಾಲಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದೆ.

ಅವಳು ಅಡಿಹಲಗೆಯಲ್ಲಿದ್ದಳು. ಹಲಗೆಯೆಲ್ಲ ಎಣ್ಣೆ ಹೀರಿತ್ತು, ಅದರ ಗಂಟು ಮಾತ್ರ ಹೀರದೆ ಮೇಲೆ ಅಂಟಾಗಿ ನಿಂತಿತ್ತು. ರಾಣಿಯ ಕಾಲುಗಳು ಅದರಲ್ಲಿ ಸಿಕ್ಕಿದ್ದವು. ರೂಪೇಶ್ ಎತ್ತಲು ಕೈ ಹಾಕಿದರು. ನಾನು ಆ ಕೈಗೆ ಬಾರಿಸಿದೆ.

“ಮುಟ್ಟಬೇಡಿ. ಕಾಲು ಕಿತ್ತು ಬರ್ತದೆ.”

ಅವರ ಮುಖಕ್ಕೆ ಬಲೆಯೂ ಇರಲಿಲ್ಲ, ಹುಳಗಳು ಕೊಂಡಿಯಿಂದ ಕುಟ್ಟುತ್ತಲೇ ಇದ್ದವು. ಆದರೂ ಹಲಗೆ ಎತ್ತಿ ಅಡಿಯಿಂದ ಗಂಟನ್ನು ಒತ್ತಿ ನೋಡಿದರು. ಪೈನ್ ಒಣಗಿದರೆ ಸತ್ತ ಗಂಟು ಸಡಿಲವಾಗುತ್ತದೆ, ಇದು ಅಲುಗುತ್ತದೆ, ರಾಣಿ ಸಮೇತ ಕಳಚಬಹುದು ಅಂದರು. ಚೂರಿಯಿಂದ ಸುತ್ತಲಿನ ಮೆದು ಮರ ಬಿಡಿಸಿದರು. ನಾನು ಅಂಗೈ ಒಡ್ಡಿ ನಿಂತೆ. ಜೋರಾಗಿ ಒತ್ತಿದರೆ ಅವಳು ಅಪ್ಪಚ್ಚಿ.

ಗಂಟು ಕಳಚಿ ನನ್ನ ಅಂಗೈಗೆ ಬಿತ್ತು. ಕಡ್ಡಿಯ ತುದಿಯಲ್ಲಿ ತೆಂಗಿನೆಣ್ಣೆ ಮುಟ್ಟಿಸಿ ಕಾಲೊಂದೊಂದೇ ಬಿಡಿಸಿದೆ. ಒಂದು ಕಾಲು ಬರಲೇ ಇಲ್ಲ, ಅಲ್ಲೇ ತುಂಡಾಯಿತು. ಅವಳನ್ನು ಎರಿಯ ಮೇಲೆ ಬಿಟ್ಟು ರಟ್ಟು ಮುಚ್ಚಿ ಕೂತೆ.

ಗೊಂಚಲು ಕದಲಲಿಲ್ಲ. ಕುಂಟುವ ರಾಣಿಯನ್ನು ಅವು ಒಪ್ಪುತ್ತವೋ ಇಲ್ಲವೋ, ದೇವರೇ ಬಲ್ಲ. ಆಮೇಲೆ ಕೆಲವು ಹುಳ ರಟ್ಟಿನ ತೂತಿನ ಬಳಿ ಕೂತು, ಬಾಲ ಎತ್ತಿ ರೆಕ್ಕೆ ಬೀಸತೊಡಗಿದವು. ರಾಣಿ ಒಳಗಿದ್ದಾಳೆ, ಬನ್ನಿ ಅಂತ ಉಳಿದವನ್ನು ಕರೆಯುವುದು ಹಾಗೆ. ಗೊಂಚಲು ಸಾಲುಗಟ್ಟಿ ಒಳಗೆ ನಡೆಯಿತು. ನನಗೆ ಅಳು ತಡೆಯಲಾಗಲಿಲ್ಲ.

ರೂಪೇಶರ ಎರಡೂ ಕಣ್ಣು ಬಾತು ಮುಚ್ಚಿಹೋಗಿದ್ದವು. ನನ್ನ ಅಳು ಮಾತ್ರ ಕೇಳಿಸಿತ್ತು.

“ರಾಣಿ ಉಂಟಾ, ಹೇಮಾ?” ಅಂದರು, ಸಣ್ಣ ದನಿಯಲ್ಲಿ.

“ಉಂಟು,” ಅಂದೆ.