ಬಿಲ್ಲೆಯ ನಡುವೆ

ಹನ್ನೊಂದು ಗಂಟೆಯ ಹೊತ್ತಿಗೆ ಏಳನೆಯ ಸೀಟ್ ಕವರ್ ಕೂಡ ಕೆಟ್ಟಿತು. ಮೇಲಿನಿಂದ ನೋಡಿದರೆ ಹೊಲಿಗೆ ಸಾಲು ಹಿಡಿದ ಇರುವೆಗಳಂತೆ ನೇರವಾಗಿತ್ತು. ಮಗುಚಿ ನೋಡಿದರೆ ತಳದಲ್ಲಿ ಕೆಂಪು ದಾರ ಕುಣಿಕೆ ಕುಣಿಕೆಯಾಗಿ, ಬಾಚಣಿಗೆ ಕಾಣದ ಕೂದಲಿನಂತೆ ಜೋತುಬಿದ್ದಿತ್ತು. ಸೊಸೆ ಅದನ್ನು ಎರಡು ಬೆರಳಲ್ಲಿ ಎತ್ತಿ ಅತ್ತೆಗೆ ತೋರಿಸಿದಳು.

"ಇದಕ್ಕೂ ಗಡ್ಡ ಬಂತು ಅತ್ತೆ."

"ಬೋಳಿಸು," ಎಂದರು ಅತ್ತೆ.

ಅತ್ತೆ ಮಂಚದ ಮೇಲೆ ಬಲಗಾಲನ್ನು ಎರಡು ದಿಂಬಿನ ಮೇಲೆ ಚಾಚಿ ಕೂತಿದ್ದರು. ಎಂಟು ದಿನದ ಹಿಂದೆ ಮೆಟ್ಟಿಲಲ್ಲಿ ಕಾಲು ಜಾರಿ ಮೊಣಕಾಲು ಊದಿಕೊಂಡು, ಈಗ ಅದರ ಸುತ್ತ ಕುಂಬಳಕಾಯಿ ಗಾತ್ರದ ಪಟ್ಟಿ. ಮೂರು ವಾರ ಅಲುಗಾಡಬಾರದು ಎಂದು ಡಾಕ್ಟರು ಹೇಳಿದ್ದರು. ಕಾಲು ಅಲುಗಾಡಬಾರದು ಎಂದರೇ ಹೊರತು ಬಾಯಿ ಅಲುಗಾಡಬಾರದು ಎಂದಿರಲಿಲ್ಲ. ಹಾಗಾಗಿ ಅತ್ತೆ ಮಂಚವನ್ನೇ ಅಂಗಡಿಯೊಳಗೆ ಹಾಕಿಸಿಕೊಂಡಿದ್ದರು.

ಅಂಗಡಿ ಎಂದರೆ ಮನೆಯ ಮುಂಭಾಗದ ಕೋಣೆ. ಬಾಗಿಲ ಬಳಿ ಕೌಂಟರ್, ಗೋಡೆಗೆ ರೆಕ್ಸಿನ್ ಸುರುಳಿಗಳು, ಕಿಟಕಿಯ ಬೆಳಕಿಗೆ ಹೊಲಿಗೆ ಮೆಷಿನ್. ಹೆಗಲು ಸವೆದು ಕರಿಬಣ್ಣದ ಒಳಗಿನ ಕಬ್ಬಿಣ ಕಾಣುವ ಆ ಮೆಷಿನ್ ಕಾರ್ಖಾನೆಯೊಂದರಿಂದ ಬಂದದ್ದು. ಅದೂ ಅತ್ತೆ ಮದುವೆಯಾಗಿ ಬರುವ ಮೊದಲೇ ಬಂದದ್ದು. ಆದ್ದರಿಂದ ಮನೆಯಲ್ಲಿ ಅದಕ್ಕೆ ದೊಡ್ಡಮ್ಮ ಎಂದೇ ಹೆಸರು. ದೊಡ್ಡಮ್ಮ ಚರ್ಮ ಹೊಲಿಯುತ್ತಿದ್ದಳು, ಕ್ಯಾನ್ವಾಸ್ ಹೊಲಿಯುತ್ತಿದ್ದಳು, ಒಮ್ಮೆ ಮಾವನ ಅಂಗಿಯ ತೋಳನ್ನು ಅವರ ಕೈ ಒಳಗಿರುವಾಗಲೇ ಹೊಲಿದಿದ್ದಳು. ಮುನಿಸಿಕೊಂಡದ್ದು ಮಾತ್ರ ಇದೇ ಮೊದಲು.

ಮುನಿಸಿಗೆ ಇದಕ್ಕಿಂತ ಕೆಟ್ಟ ದಿನ ಸಿಗುತ್ತಿರಲಿಲ್ಲ. ಸಿನಿಮಾ ಮಂದಿರದ ನಲವತ್ತು ಸೀಟ್ ಕವರ್ ನಾಳೆ ಸಂಜೆಗೆ ಕೊಡಬೇಕು. ಸಾಲದ್ದಕ್ಕೆ, ಇವತ್ತು ನಾಲ್ಕು ಗಂಟೆಗೆ ಮೆಷಿನ್ ವ್ಯಾಪಾರಿ ಬರುವವನಿದ್ದ. ಅವನನ್ನು ಕರೆದವನು ಅತ್ತೆಯ ಮಗ. ಅಳತೆ ತೆಗೆಯುವುದು, ರಸೀದಿ ಬರೆಯುವುದು, ಎಲ್ಲರಿಗೂ ಹೊತ್ತು ಎಷ್ಟಾಯಿತೆಂದು ನೆನಪಿಸುವುದು ಅವನ ಕೆಲಸವಾದ್ದರಿಂದ ತಾಯಿಯೇ ಅವನಿಗೆ ಮ್ಯಾನೇಜರ್ ಎಂದು ಹೆಸರಿಟ್ಟಿದ್ದರು.

"ಹಳೇದನ್ನ ಕೊಟ್ಟು ಹೊಸದು ತಗೊಳ್ಳೋಣ ಅಮ್ಮ," ಎಂದ ಮ್ಯಾನೇಜರ್, ಏಳು ಕವರುಗಳನ್ನು ಕಾಲಿಂದ ಮೂಲೆಗೆ ಸರಿಸುತ್ತ. "ಅದಕ್ಕೆ ಟೇಲರನ್ನೂ ಗೊತ್ತು ಮಾಡಿದೀನಿ. ಇವಳು ಮೊದಲಿನ ಹಾಗೆ ಕೌಂಟರ್ ನೋಡ್ಕೊಳ್ಳಲಿ."

ಸೊಸೆ ಕೌಂಟರಿನ ಕಡೆ ನೋಡಿದಳು. ಏಳು ವರ್ಷ ಅವಳು ಆ ಕೌಂಟರಿನ ಹಿಂದೆ ನಿಂತು, ಬಂದವರಿಗೆಲ್ಲ "ನಾಳೆ ಬನ್ನಿ" ಎಂದವಳು. ನಾಳೆ ಬಂದವರಿಗೂ ಅದನ್ನೇ ಅಂದವಳು. ಏಳು ತಿಂಗಳಿಂದೀಚೆಗೆ ಅತ್ತೆಯ ಪಕ್ಕ ಕೂತು ಹೊಲಿಗೆ ಕಲಿತು, ದೊಡ್ಡಮ್ಮನ ಮುಂದೆ ಕೂತ ಮೇಲೆ ಅವಳಿಗೆ ಒಂದು ಸುಖ ಗೊತ್ತಾಗಿತ್ತು. ಬೆಳಗ್ಗೆ ಬರೀ ರೆಕ್ಸಿನ್ ಆಗಿದ್ದದ್ದು ಮಧ್ಯಾಹ್ನಕ್ಕೆ ಯಾರೋ ಕೂರುವ ಸೀಟಾಗುತ್ತಿತ್ತು. ಅದು ತನ್ನ ಕೈಯಿಂದ ಆಗುತ್ತಿತ್ತು. ಆ ಸ್ಟೂಲು ಇನ್ನೊಬ್ಬರದಾಗುವುದು ನಾಲ್ಕು ಗಂಟೆಯ ಮಾತು.

"ನಾಲ್ಕಕ್ಕೆ ತಾನೇ?" ಎಂದಳು. "ಇನ್ನೂ ಐದು ಗಂಟೆ ಇದೆ."

"ಐದಲ್ಲ, ನಾಲ್ಕೂವರೆ," ಎಂದ ಮ್ಯಾನೇಜರ್ ಗಡಿಯಾರ ನೋಡಿ.

ಅವನು ಅಳತೆಗೆಂದು ಹೊರಗೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಸೊಂಟ ಕಟ್ಟಿದರು. ಅಂದರೆ ಸೊಸೆ ಕಟ್ಟಿದಳು. ಅತ್ತೆ ದಿಂಬಿಗೆ ಒರಗಿದರು.

"ಗಂಟು ಕೆಳಗಡೆ ಬಂದ್ರೆ ತಪ್ಪು ಕೆಳಗಿನ ದಾರದ್ದೇ," ಎಂದು ತೀರ್ಪು ಕೊಟ್ಟರು ಅತ್ತೆ. "ಬಾಬಿನ್ ತೆಗಿ."

ಬಾಬಿನ್ ತೆಗೆದಳು. ಅದರ ಡಬ್ಬಿಯ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದಳು. ದಾರ ಹಿಡಿದು ತೂಗಾಡಿಸಿದರೆ ಡಬ್ಬಿ ಒಂದು ಗೇಣು ಇಳಿದು ನಿಂತಿತು. ಹಾಗೆ ನಿಂತರೆ ಸರಿ ಎಂದು ಅತ್ತೆಯೇ ಕಲಿಸಿದ್ದು. ಹಾಕಿ ಹೊಲಿದಳು, ಗಡ್ಡ ಹಾಗೇ ಇತ್ತು. ಸೂಜಿ ಬದಲಾಯಿಸಿದಳು; ಇನ್ನೂ ಸೊಂಪಾಗಿ ಬಂತು. ತಟ್ಟೆ ಬಿಚ್ಚಿ, ಕೊಕ್ಕೆಯ ಸುತ್ತ ಸೇರಿದ್ದ ಧೂಳನ್ನು ಬ್ರಷ್ಷಿನಿಂದ ತೆಗೆದಾಗ ಇಲಿಮರಿಯಷ್ಟು ನೂಲಿನ ಉಂಡೆ ಹೊರಗೆ ಬಂತು.

"ಸಿಕ್ಕಿಬಿದ್ದ ನೋಡು ಕಳ್ಳ," ಎಂದರು ಅತ್ತೆ.

ಕಳ್ಳ ಅವನಲ್ಲ ಎಂದು ಮುಂದಿನ ತುಂಡು ರೆಕ್ಸಿನ್ ಹೇಳಿತು.

ಕೊನೆಗೆ ಸೊಸೆ ಮೇಲಿನ ದಾರದ ಬಿಗಿತಕ್ಕೆ ಕೈ ಹಾಕಿದಳು. ಮೆಷಿನ್ನಿನ ಮುಖದ ಮೇಲೆ ಎರಡು ಉಕ್ಕಿನ ಬಿಲ್ಲೆಗಳು ತುಟಿಯಂತೆ ಕೂಡಿರುತ್ತವೆ; ಅವುಗಳ ನಡುವೆ ದಾರ ಹಾಯುತ್ತದೆ; ಮುಂದಿನ ತಿರುಪು ತಿರುಗಿಸಿದರೆ ತುಟಿ ಬಿಗಿಯುತ್ತದೆ. ಒಂದು ಸುತ್ತು ತಿರುಗಿಸಿದಳು. ಎರಡು ಸುತ್ತು. ನಾಲ್ಕು.

"ಅತ್ತೆ, ಒಂದು ವಿಚಿತ್ರ ನೋಡಿ. ಎಷ್ಟು ಬಿಗಿ ಮಾಡಿದ್ರೂ ಒಂದೇ, ಸಡಿಲ ಮಾಡಿದ್ರೂ ಒಂದೇ. ನಿಮ್ಮ ಮಗನಿಗೆ ಬುದ್ಧಿ ಹೇಳಿದ ಹಾಗಿದೆ."

"ಅವನ ತಿರುಪು ನೀನು ಬಂದ ಮೇಲೇ ಕೆಟ್ಟಿದ್ದು," ಎಂದರು ಅತ್ತೆ ನಗದೆ. ಆಮೇಲೆ, "ದಾರ ಸರಿಯಾಗಿ ಪೋಣಿಸಿದೀಯಾ?" ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ಈ ಏಳು ತಿಂಗಳಲ್ಲಿ ಸೊಸೆ ಹೊಲಿದದ್ದು ಎಷ್ಟೋ, ಆದರೆ ಮೇಲಿನ ದಾರವನ್ನು ಒಮ್ಮೆಯೂ ಮೊದಲಿನಿಂದ ಪೋಣಿಸಿರಲಿಲ್ಲ. ಬಣ್ಣ ಬದಲಾಗುವಾಗಲೆಲ್ಲ ಅತ್ತೆ, "ಏಳು, ದಾರ ನನಗೆ ಬಿಡು" ಎಂದು ತಾವೇ ಕೂತು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಸಿ ಏಳುತ್ತಿದ್ದರು. ಅತ್ತೆ ಬಿದ್ದ ಮೇಲೂ ಎಂಟು ದಿನ ಸುಖವಾಗಿಯೇ ಕಳೆದಿತ್ತು. ಹಳೆಯ ದಾರದ ಬಾಲಕ್ಕೆ ಹೊಸದನ್ನು ಗಂಟು ಹಾಕಿ ಎಳೆದುಕೊಂಡರಾಯಿತು. ಇವತ್ತಿನ ಕೆಂಪು ದಾರ ದಪ್ಪ. ಬೆಳಗ್ಗೆ ಗಂಟು ದಾರಿಯಲ್ಲೇ ಸಿಕ್ಕಿ ಕಡಿದುಹೋಗಿ, ಮೊದಲ ಸಲ ಪೂರ್ತಿ ಪೋಣಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅತ್ತೆ ಮಂಚದಿಂದ ಹೇಳಿದ್ದರು, ಅವಳು ಹಾಗೇ ಮಾಡಿದ್ದಳು.

"ನೀವು ಹೇಳಿದ ಹಾಗೇ ಪೋಣಿಸಿದೀನಿ."

"ಇನ್ನೊಂದು ಸಲ ಹೇಳ್ತೀನಿ, ಕೇಳು." ಅತ್ತೆ ಕಣ್ಣು ಮುಚ್ಚಿದರು. ಅವರ ಅತ್ತೆ ಅವರಿಗೆ ಹೇಳಿಕೊಟ್ಟ ಸಾಲುಗಳು, ಬಾಯಿಪಾಠ. ಗಾಳಿಯಲ್ಲಿ ಬೆರಳು ಆಡಿಸುತ್ತ, ಇಲ್ಲದ ದಾರವನ್ನು ಇಲ್ಲದ ಕೊಂಡಿಗೆ ಸೇರಿಸುತ್ತ, ರಾಗ ಎಳೆದು ಹೇಳತೊಡಗಿದರು.

"ಕಂಬದ ಕೊಂಡಿ, ಮೂರು ತೂತು, ಬಿಲ್ಲೆಯ ನಡುವೆ... ಅಮ್ಮಾ... ಸ್ಪ್ರಿಂಗಿನ ಕೊಕ್ಕೆ, ಏರುವ ತೋಳು, ಇಳಿಯುವ ಕೊಂಡಿ, ಸೂಜಿಯ ಕಣ್ಣು."

ಸೊಸೆ ದಾರ ಕಿತ್ತು ಮೊದಲಿನಿಂದ ಪೋಣಿಸಿದಳು. ಹೊಲಿದಳು. ಗಡ್ಡ.

"ಇನ್ನೊಮ್ಮೆ ಹೇಳಿ ಅತ್ತೆ. ನಿಧಾನವಾಗಿ."

"ಕಂಬದ ಕೊಂಡಿ... ಮೂರು ತೂತು... ಬಿಲ್ಲೆಯ ನಡುವೆ... ಅಮ್ಮಾ..."

ಸೊಸೆಯ ಕೈ ನಿಂತಿತು. ಪದ್ಯ ಕೇಳಿ ಬೆಳೆದವರಿಗೆ ಒಂದು ಅಭ್ಯಾಸವಿರುತ್ತದೆ. ಅರ್ಥ ತಪ್ಪಿದರೂ ಕಿವಿ ಸುಮ್ಮನಿದ್ದೀತು, ತಾಳ ತಪ್ಪಿದರೆ ಇರದು. ಅವಳಿಗೆ ಆ ಕಿವಿ ಪದ್ಯ ಹಾಡುತ್ತಿದ್ದ ಅಜ್ಜನಿಂದ ಬಂದಿತ್ತು.

"ಅತ್ತೆ, ಈ 'ಅಮ್ಮಾ' ಸಾಲಿನಲ್ಲಿ ಇದೆಯಾ?"

"ಯಾವ ಅಮ್ಮಾ?"

"ಬಿಲ್ಲೆ ಬಂದ ತಕ್ಷಣ ಅಮ್ಮಾ ಅಂತೀರಲ್ಲ."

"ನೋವು ಕಣೇ. ಮೊಣಕಾಲು ಛಳಕ್ ಅಂತು. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

"ನೋವು ಪ್ರತಿ ಸಲ ಬಿಲ್ಲೆ ಹತ್ರಾನೇ ಬರುತ್ತಾ? ಬೆಳಗ್ಗೆಯೂ ಅಲ್ಲೇ ಅಂದ್ರಿ. ಈಗ ಎರಡು ಸಲವೂ ಅಲ್ಲೇ."

ಸೊಸೆ ಎದ್ದು ಬಂದು ಮಂಚದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಆ ಕುಂಬಳಕಾಯಿಯನ್ನೇ ನೋಡುತ್ತ, "ಇನ್ನೊಂದೇ ಸಲ," ಎಂದಳು.

"ನನ್ನನ್ನ ಸಾಯಿಸ್ತೀಯ. ಕಂಬದ ಕೊಂಡಿ, ಮೂರು ತೂತು, ಬಿಲ್ಲೆಯ..."

ಪಟ್ಟಿಯೊಳಗಿನ ಮೊಣಕಾಲು ಬಲಕ್ಕೆ ಸರಿಯಿತು. ಒಂದು ಬೆರಳಷ್ಟು, ಅಷ್ಟೇ.

"ಅಮ್ಮಾ," ಎಂದರು ಅತ್ತೆ.

ಇಬ್ಬರೂ ಮೆಷಿನ್ನಿನ ಕಡೆ ತಿರುಗಿದರು. ಮೇಜಿನ ಅಡಿಯಲ್ಲಿ, ಕೂತವರ ಬಲ ಮೊಣಕಾಲಿಗೆ ತಾಗುವಂತೆ, ಒಂದು ಕಬ್ಬಿಣದ ತಟ್ಟೆ ತೂಗುತ್ತಿತ್ತು. ಅದನ್ನು ಬಲಕ್ಕೆ ತಳ್ಳಿದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಮೇಲೇಳುತ್ತದೆ. ಸೊಸೆ ಅದನ್ನು ದಿನಕ್ಕೆ ಇನ್ನೂರು ಸಲ ತಳ್ಳುತ್ತಿದ್ದಳು, ಬಟ್ಟೆ ಇಡುವುದಕ್ಕೆ, ತೆಗೆಯುವುದಕ್ಕೆ. ದಾರ ಪೋಣಿಸುವಾಗ ಅದಕ್ಕೆ ಏನು ಕೆಲಸ?

ಹೋಗಿ ಕೂತು ಮೊಣಕಾಲಿನಿಂದ ತಟ್ಟೆಯನ್ನು ತಳ್ಳಿ ಹಿಡಿದು, ಬಗ್ಗಿ ಬಿಲ್ಲೆಗಳನ್ನು ನೋಡಿದಳು. ಪಾದ ಎದ್ದ ಕೂಡಲೇ ಬಿಗಿದ ತುಟಿ ಬಿಟ್ಟಿತು. ಎರಡರ ನಡುವೆ ಉಗುರು ತೂರುವಷ್ಟು ಜಾಗ. ಕೆಂಪು ದಾರ ಮಾತ್ರ ಒಳಗೆ ಇರಲೇ ಇಲ್ಲ. ಬಾಯಿ ಮುಚ್ಚಿದ್ದಾಗ ಪೋಣಿಸಿದ್ದರಿಂದ ಅದು ಬಿಲ್ಲೆಗಳ ಅಂಚಿನ ಮೇಲೆ, ಬೇಲಿಯ ಮೇಲೆ ಕೂತ ಬೆಕ್ಕಿನ ಹಾಗೆ, ಹಾಯಾಗಿ ಕೂತಿತ್ತು. ತಿರುಪನ್ನು ನಾಲ್ಕಲ್ಲ, ನಾನೂರು ಸುತ್ತು ತಿರುಗಿಸಿದರೂ ಅದಕ್ಕೇನು?

ಬೆರಳ ತುದಿಯಿಂದ ದಾರವನ್ನು ನಡುವೆ ಇಳಿಸಿದಳು. ಮೊಣಕಾಲು ಬಿಟ್ಟಳು. ಬಿಲ್ಲೆಗಳು ಕೂಡಿದವು. ದಾರ ಎಳೆದು ನೋಡಿದರೆ ಈಗ ಅದು ಬಿಂಕ ಮಾಡುತ್ತ ಬಂತು. ತಿರುಪನ್ನು ಮೂರು ಸುತ್ತು ಹಿಂದಕ್ಕೆ ಬಿಟ್ಟು ಒಂದು ತುಂಡು ಹೊಲಿದಳು, ಮಗುಚಿದಳು, ಅತ್ತೆಯ ಕೈಗೆ ಕೊಟ್ಟಳು.

ಅತ್ತೆ ತಳವನ್ನು ಹೆಬ್ಬೆರಳಿನಿಂದ ಸವರಿದರು. ನುಣ್ಣಗಿತ್ತು.

"ಮೂವತ್ತೆಂಟು ವರ್ಷ," ಎಂದರು. "ನಾನು ಕಾಲು ತಳ್ತಿದ್ದೆ ಅಂತ ನನಗೇ ಗೊತ್ತಿಲ್ಲವಲ್ಲೇ. ನಮ್ಮತ್ತೆಯೂ ಹೇಳಿಕೊಡಲಿಲ್ಲ. ಅವರ ಪಕ್ಕ ಕೂತು ಕೂತು ಕಾಲೇ ಕಲಿತುಬಿಡ್ತು." ಮತ್ತೆ ತುಂಡನ್ನು ಸವರಿದರು. "ಏಳು ಕವರ್ ಕೆಡಿಸಿದ್ದು ನೀನಲ್ಲ. ನಾನು."

"ನೀವಲ್ಲ ಅತ್ತೆ, ನಿಮ್ಮ ಕಾಲು."

"ಕಾಲು ಏನು ಪಕ್ಕದ ಮನೆಯವರದಾ?"

ನಾಲ್ಕು ಗಂಟೆಗೆ ಮೆಷಿನ್ ವ್ಯಾಪಾರಿ ಬಂದಾಗ ಕೌಂಟರಿನ ಮೇಲೆ ಒಂಬತ್ತು ಕವರುಗಳಿದ್ದವು, ಹತ್ತನೆಯದು ಸೂಜಿಯಡಿ ಓಡುತ್ತಿತ್ತು. ಹಿಂದೆಯೇ ಬಂದ ಮ್ಯಾನೇಜರ್ ಕವರುಗಳನ್ನು ಕಂಡು, ಬಾಗಿಲಲ್ಲೇ ನಿಂತ. ವ್ಯಾಪಾರಿ ಮೇಲಿನ ಕವರನ್ನು ಎತ್ತಿದ. ಹೊಲಿಗೆಯನ್ನು ಕಣ್ಣಿನ ಹತ್ತಿರ ತಂದ, ಮಗುಚಿದ, ಉಗುರಿನಿಂದ ಕೆರೆದು ನೋಡಿದ. ದಾರ ಏಳಲಿಲ್ಲ.

"ಇಷ್ಟು ಹಳೇ ಮೆಷಿನ್ನಲ್ಲಿ ಇದನ್ನ ಹೊಲಿದ ಟೇಲರ್ ಯಾರು?" ಎಂದು ಮ್ಯಾನೇಜರನ್ನು ಕೇಳಿದ. "ಸಿಕ್ಕಿದ್ರೆ ನಮ್ಮಲ್ಲಿಗೆ ಕರ್ಕೊಂಡು ಹೋಗ್ತೀನಿ."

ಮ್ಯಾನೇಜರ್ ಅಮ್ಮನನ್ನು ನೋಡಿದ. ಅತ್ತೆ ದಿಂಬು ಸರಿಮಾಡಿಕೊಳ್ಳುವುದರಲ್ಲಿ ಮುಳುಗಿದ್ದರು. ಹೆಂಡತಿಯನ್ನು ನೋಡಿದ. ಅವಳು ತಲೆ ಎತ್ತಲಿಲ್ಲ. ಆದರೆ ಮೆಷಿನ್ನಿನ ಸದ್ದು ನಿಂತಿತ್ತು. ಉತ್ತರ ಬರುವವರೆಗೆ ಅದು ಮುಂದೆ ಹೋಗುವಂತೆ ಕಾಣಲಿಲ್ಲ.

"ಇವಳೇ," ಎಂದ. ಗಂಟಲು ಸರಿಮಾಡಿಕೊಂಡು, "ನಮ್ಮ ಟೇಲರ್," ಎಂದ.

ವ್ಯಾಪಾರಿಗೆ ಚಹಾ ಕೊಟ್ಟು ಕಳಿಸಿದರು. ಅವನು ಬೀದಿ ತಿರುಗುವ ಮೊದಲೇ ಸೊಸೆ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಗಂಡನ ಕೈಯಲ್ಲಿಟ್ಟು, ಮೂಲೆಯಲ್ಲಿ ಬಿದ್ದಿದ್ದ ಏಳು ಗಡ್ಡದ ಕವರುಗಳನ್ನು ತೋರಿಸಿದಳು.

"ಇದನ್ನೆಲ್ಲ ಬಿಚ್ಚಿಡ್ರೀ. ರೆಕ್ಸಿನ್ ಹರೀಬಾರದು."

"ನಾನಾ? ಕೌಂಟರ್ ಯಾರು ನೋಡ್ತಾರೆ?"

"ಅಲ್ಲೇ ಕೂತು ಬಿಚ್ಚೋ," ಎಂದರು ಅತ್ತೆ. "ಬಂದವರಿಗೆ ನಾಳೆ ಬನ್ನಿ ಅನ್ನೋದಕ್ಕೆ ಕೈ ಬೇಕಾಗಿಲ್ಲ."