ಸೂರು ನೋಡಿ ಒಪ್ಪಿದ ಸಂಬಂಧ

ರಾಣಿಗೆ ಗಂಡು ನೋಡುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಗಂಗಾ ಬೈಲಹೊಂಗಲದ ತನ್ನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಳು. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು.

"ಯಾರನ್ನ ಕೇಳಿ ನೋಡಾಕತ್ತಾರ?" ಎಂದಳು.

ಅವಳ ತಾಯಿ ರಾಚವ್ವ ಪಲ್ಯ ಬಡಿಸುತ್ತಿದ್ದ ಸೌಟನ್ನು ಅಲ್ಲೇ ನಿಲ್ಲಿಸಿದಳು. "ಅಕಿ ಅಪ್ಪ ಅಕಿಗೆ ಗಂಡ ನೋಡಾಕ ನಿನ್ನ ಯಾಕ ಕೇಳಬೇಕ? ನೀ ಏನ್ ಅಕಿ ಗಂಡನೇನ?"

ಲೆಕ್ಕ ಹಾಕಿ ನೋಡಿದರೆ ಗಂಡನಿಗಿಂತ ಗಂಗಾಳ ಹಕ್ಕು ಕಡಿಮೆಯೇನೂ ಇರಲಿಲ್ಲ. ಕಾಲೇಜಿನ ದಿನಗಳಿಂದ ಇಬ್ಬರೂ ಜೋಡಿಯಾಗಿ ಬ್ಯಾಡ್ಮಿಂಟನ್ ಆಡಿದವರು. ರಾಮದುರ್ಗದ ರಾಣಿ ಓದಲೆಂದು ಬೈಲಹೊಂಗಲದ ಸೋದರಮಾವನ ಮನೆಗೆ ಬಂದಿದ್ದಳು. ಗಿಡ್ಡ ದೇಹ, ಬೆಕ್ಕಿನ ಕಾಲು, ಬಲೆಯ ಹತ್ತಿರ ನಿಂತರೆ ಶಟಲ್ ಅವಳನ್ನು ದಾಟಿ ಬರುವುದೇ ಕಷ್ಟ. ಗಂಗಾ ಎತ್ತರದ ಎಡಗೈ ಹುಡುಗಿ. ಹಿಂದೆ ನಿಂತು ಹೊಡೆದಳೆಂದರೆ ಎದುರಿನವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಮೊದಮೊದಲು ಸ್ಟೀಲಿನ ಕೊಡ, ಗೋಡೆ ಗಡಿಯಾರ ಗೆದ್ದರು. ಆಮೇಲೆ ಸಾಂಗ್ಲಿ, ಮಿರಜ, ಹುಬ್ಬಳ್ಳಿಗಳಲ್ಲಿ ಹೆಸರಾಯಿತು. ಕೊನೆಗೆ ಬೆಳಗಾವಿಯ ಪಂಪ್‌ಸೆಟ್ ಕಂಪನಿಯೊಂದು ಇಬ್ಬರಿಗೂ ತಿಂಗಳ ಸಂಬಳ ಗೊತ್ತುಮಾಡಿ, ಅಂಗಿಯ ಬೆನ್ನ ಮೇಲೆ ನೀರೆತ್ತುವ ಪಂಪಿನ ಚಿತ್ರ ಬರೆಸಿ, ತನ್ನ ಆಟಗಾರ್ತಿಯರನ್ನಾಗಿ ಮಾಡಿಕೊಂಡಿತು. ಶರತ್ತು ಒಂದೇ: ಜೋಡಿ ಇರುವ ತನಕ ಸಂಬಳ. ಒಬ್ಬಳು ಬಿಟ್ಟರೆ ಇಬ್ಬರೂ ಮನೆಗೆ.

ಬೇರೆ ಜೊತೆಗಾರ್ತಿ ಹುಡುಕೋಣವೆಂದರೆ ಅದನ್ನೂ ಒಮ್ಮೆ ನೋಡಿ ಆಗಿತ್ತು. ರಾಣಿಗೆ ಜ್ವರ ಬಂದಾಗ ಧಾರವಾಡದ ಸಪ್ನಾ ಎಂಬವಳ ಜೊತೆ ಗಂಗಾ ಒಂದು ಪಂದ್ಯ ಆಡಿದ್ದಳು. ಸಪ್ನಾ ಒಳ್ಳೆಯ ಹುಡುಗಿ. ಪ್ರತಿ ಹೊಡೆತಕ್ಕೂ "ಸಾರಿ ಅಕ್ಕಾ" ಅನ್ನುತ್ತಿದ್ದಳು. ತಪ್ಪಿದರೂ ಸಾರಿ, ಗೆದ್ದರೂ ಸಾರಿ. ಪಂದ್ಯ ಮುಗಿಯುವ ಹೊತ್ತಿಗೆ ಗಂಗಾಳೇ ಎದುರಾಳಿಗಳಿಗೆ ಸಾರಿ ಹೇಳಿ ಸೋತು ಬಂದಿದ್ದಳು.

ಹಾಗಾಗಿ ಅವಳು ಮರುದಿನವೇ ರಾಮದುರ್ಗದ ಬಸ್ಸು ಹತ್ತಿದಳು. ಮದುವೆ ನಿಲ್ಲಿಸುವುದು ಆಗದ ಮಾತು, ಅದು ಅವಳಿಗೂ ಗೊತ್ತಿತ್ತು. ಗಂಡನ್ನಾದರೂ ತಾನು ಆರಿಸಬೇಕು.

ರಾಣಿಯ ತಂದೆ ಶಟ್ಟೆಪ್ಪ ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದ. "ಬಾರವಾ ಗಂಗವ್ವ. ನಿನ್ನ ಮದಿವಿ ಚಿಂತಿ ಬಿಟ್ಟು ಇಕಿ ಮದಿವಿಗೆ ಓಡಿ ಬಂದೀಯಲ್ಲ?"

"ಕಾಕಾ, ಗಂಡ ಯಾರರ ಇರಲಿ. ಆಟಕ್ಕ ಕಳಸೂ ಮನಿ ಆಗಬೇಕ ನೋಡ್ರಿ."

"ಹೌದಲ್ಲವಾ. ನೀನೂ ಕುಂಡ್ರು. ನಾಳೆ ಸವದತ್ತಿಯವರು ಬರತಾರ, ನೀನ ಕೇಳಿಬಿಡು."

ಸವದತ್ತಿಯ ವರ ಸಾಲಿ ಮಾಸ್ತರ. ಶಿರಾ, ಉಪ್ಪಿಟ್ಟು ಮುಗಿಸಿ ಕೈ ತೊಳೆದ ಮೇಲೆ ಗಂಗಾ ನೇರವಾಗಿ ಕೇಳಿದಳು. ಮಾಸ್ತರ ಎದೆ ಉಬ್ಬಿಸಿದ. "ಬಿಡೂದೇನ್ರಿ, ನಾನೂ ಆಡತೇನಿ. ಲಗ್ನ ಆದಮ್ಯಾಲೆ ಅವರಿಗೆ ಜೋಡಿ ನಾನ. ನೀವು ಇಷ್ಟ ದಿನಾ ಆಡಿ ದಣದೀರಿ, ಇನ್ನ ಆರಾಮ ಮಾಡ್ರಿ."

ಗಂಗಾಳ ಮುಖದ ಬಣ್ಣ ಹಾರಿತು. ರಾಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಂಗಾ ಚೀಲದಿಂದ ರಾಕೆಟ್ ತೆಗೆದು, "ಬರ್ರಿ ಮಾಸ್ತರ, ಅಂಗಳದಾಗ ಒಂದೀಟ ನೋಡೂಣು" ಎಂದಳು. ಮಾಸ್ತರ ನೊಣ ಹೊಡೆಯುವವನಂತೆ ಹತ್ತು ಸಲ ಬೀಸಿದ. ಒಂಬತ್ತು ಸಲ ಗಾಳಿಗೆ ಬಿತ್ತು. ಹತ್ತನೆಯದು ಶಟ್ಟೆಪ್ಪನ ರುಮಾಲಿಗೆ ಬಿತ್ತು. ಸಂಬಂಧ ಅಲ್ಲಿಗೇ ಮುರಿಯಿತು. ರುಮಾಲನ್ನು ಬೀಳಿಸಿದವನಿಗೆ ಮಗಳನ್ನು ಕೊಡಲು ಶಟ್ಟೆಪ್ಪನೇ ಒಪ್ಪಲಿಲ್ಲ.

ಎರಡನೆಯವನು ಯರಗಟ್ಟಿಯ ಗೊಬ್ಬರದ ಅಂಗಡಿಯವನು. ಏನು ಕೇಳಿದರೂ "ಹೂಂ" ಅನ್ನುತ್ತಿದ್ದ. ಆಟಕ್ಕೆ ಬಿಡತೀರಾ? ಹೂಂ. ಊರೂರು ತಿರುಗಬೇಕಾಗತೈತಿ? ಹೂಂ. ಗಂಗಾಳಿಗೆ ಖುಷಿಯಾಗುವಷ್ಟರಲ್ಲಿ ಅವನ ತಾಯಿ, "ಮನ್ಯಾಗ ಕೆಲಸ ಭಾಳ ಐತಿ, ಆಟಗೀಟ ಎಲ್ಲಾ ಬಂದ್ ಮಾಡಬೇಕ" ಎಂದಳು. ಅದಕ್ಕೂ ಅವನು ಹೂಂ ಅಂದ.

ಮೂರನೆಯ ಸಂಬಂಧ ನೇಸರಗಿಯದು. ಹುಡುಗ ಕಲ್ಮೇಶ, ಹತ್ತಿ ವ್ಯಾಪಾರ. ತಂದೆ ತೀರಿಕೊಂಡು, ತಾಯಿ ಕೃಷ್ಣವ್ವನೇ ಮನೆಗೂ ವ್ಯಾಪಾರಕ್ಕೂ ಯಜಮಾನಿ. ಅವರು ಬಂದು ಹೆಣ್ಣು ನೋಡಿ ಹೋದ ದಿನ ಗಂಗಾ ತನ್ನೂರಿಗೆ ಹೋಗಿದ್ದಳು. ಹುಡುಗಿ ಒಪ್ಪಿಗೆ, ಇನ್ನು ನೀವು ಮನೆ ನೋಡಲು ಬನ್ನಿ ಎಂದು ಹೇಳಿ ಕಳಿಸಿದಾಗ, ಶಟ್ಟೆಪ್ಪ, ಅವನ ಹೆಂಡತಿ ಬೀರವ್ವ, ಇಬ್ಬರು ಹಿರಿಯರ ಜೊತೆ ಗಂಗಾಳೂ ಹೊರಟಳು.

ಮನೆಯ ಪಕ್ಕದಲ್ಲೇ ಹತ್ತಿಯ ಗೋಡೌನ್. ಹಿರಿಯರು ಬಾವಿ, ದನದ ಕೊಟ್ಟಿಗೆ, ನೆಲದೊಳಗಿನ ಜೋಳದ ಹಗೇವು ನೋಡುತ್ತ ಹೋದರು. ಗಂಗಾ ಗೋಡೌನಿನ ಬಾಗಿಲಲ್ಲಿ ನಿಂತವಳು ಅಲ್ಲಿಂದ ಕದಲಲಿಲ್ಲ. ಒಳಗೆ ಖಾಲಿ. ಸಿಮೆಂಟಿನ ನೆಲ. ತಗಡಿನ ಸೂರು ಗುಡಿಯ ಗೋಪುರದಷ್ಟು ಮೇಲೆ.

"ಅವ್ವಾರ, ಒಳಗ ಗಾಳಿ ಬರತೈತೇನ್ರಿ?"

ಕೃಷ್ಣವ್ವನಿಗೆ ಸಿಟ್ಟು ಬಂತು. "ಗಾಳಿ ಯಾಕ ಬರಬೇಕ? ಬಂದ್ರ ಹತ್ತಿ ಎಲ್ಲಾ ಹಾರಿ ಬೈಲಹೊಂಗಲಕ್ಕ ಹೊಕ್ಕೈತಿ. ಅದಕ್ಕ ಕಿಡಕಿನ ಇಡಿಸಿಲ್ಲ."

ಗಂಗಾ ಚೀಲದಿಂದ ರಾಕೆಟ್ ತೆಗೆದು ಒಂದು ಶಟಲ್ಲನ್ನು ಬಲವಾಗಿ ಮೇಲಕ್ಕೆ ಹೊಡೆದಳು. ಬಿಳಿ ಪುಕ್ಕ ಏರಿತು, ಏರಿತು, ಅಡ್ಡ ತೊಲೆಯ ಕೆಳಗೇ ಹೊರಳಿ, ದಾರ ಕಟ್ಟಿ ಇಳಿಬಿಟ್ಟ ಹಾಗೆ ನೇರವಾಗಿ ಅವಳ ಕಾಲ ಬಳಿ ಬಂದು ಬಿತ್ತು. ಅಷ್ಟು ವರ್ಷ ಕಾಲೇಜಿನ ಬಯಲಿನಲ್ಲಿ ಗಾಳಿಯೊಂದಿಗೆ ಗುದ್ದಾಡಿ, ಬೆಳಗಾವಿಯ ಒಳಾಂಗಣದಲ್ಲಿ ವಾರಕ್ಕೆರಡು ದಿನ ಯಾರದೋ ಕೈಕಾಲು ಹಿಡಿದು ಜಾಗ ಪಡೆದ ಹುಡುಗಿಯ ಕಣ್ಣಲ್ಲಿ ನೀರು ಬಂತು.

"ಕಾಕಾ," ಎಂದಳು ಶಟ್ಟೆಪ್ಪನಿಗೆ, "ಸಂಬಂಧ ಭಾಳ ಚೊಲೊ ಐತಿ. ಬಿಡಬ್ಯಾಡ್ರಿ."

ಸಂಜೆ ರಾಣಿ ಕೇಳಿದ್ದು ಒಂದೇ ಪ್ರಶ್ನೆ. "ಹುಡಗನ ಸ್ವಭಾವ ಹೆಂಗೈತಿ?"

ಗಂಗಾ ತಡವರಿಸಿದಳು. "ಎತ್ತರ ಅದಾನ."

"ಗಿಡ್ಡ ಅದಾನ. ಅಂವ ನನ್ನ ನೋಡಾಕ ಬಂದಾಗ ನಾನ ಎದುರಿಗೆ ಕುಂತಿದ್ದೆ. ನೀ ಹುಡಗನ್ನ ನೋಡಿದ್ಯೋ, ಗೋಡೌನ್ ನೋಡಿದ್ಯೋ?"

ಗಂಗಾ ತಲೆ ತಗ್ಗಿಸಿದಳು. ಕಲ್ಮೇಶ ಆ ದಿನ ಎಲ್ಲಿದ್ದ, ಏನು ಮಾತಾಡಿದ ಒಂದೂ ಅವಳಿಗೆ ನೆನಪಿರಲಿಲ್ಲ.

ರಾಣಿ ಆ ಕೆಲಸವನ್ನು ತಾನೇ ಕೈಗೆತ್ತಿಕೊಂಡಳು. ನೇಸರಗಿಯ ಸಂತೆಯ ದಿನ ಸೋದರಮಾವನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಮೆಣಸಿನಕಾಯಿ ಚೌಕಾಸಿ ಮಾಡುತ್ತ ನಿಂತಿದ್ದ ಕಲ್ಮೇಶನನ್ನು ಅಲ್ಲೇ ಹಿಡಿದಳು. ಗಂಗಾ ಹುಣಸೆಹಣ್ಣಿನ ರಾಶಿಯ ಹಿಂದೆ ನಿಂತು ಕಿವಿ ಕೊಟ್ಟಳು.

"ನನ್ನ ಆಡಾಕ ಬಿಡತೀರೇನ್ರಿ?"

ಕಲ್ಮೇಶ ಬೆವರು ಒರೆಸಿಕೊಂಡ. "ಆಟ ನನಗ ತಿಳಿಯೂದಿಲ್ರಿ. ನೀವು ಆಡ್ರಿ. ಆದ್ರ ಸುಗ್ಗ್ಯಾಗ ಗೋಡೌನ್ ತುಂಬತೈತಿ, ಅವಾಗ ಏನ್ ಮಾಡೂದು ಅಂತ ನಿಮ್ಮ ಗೆಳತಿ ಅಲ್ಲೆ ಪುಕ್ಕ ಹೊಡದ ಹೋದಾಗಿಂದ ನಿದ್ದಿ ಇಲ್ಲ. ಹತ್ತಿ ಹೊರಗ ಇಡಾಕ ಬರೂದಿಲ್ಲ, ನಿಮ್ಮನ್ನ ಹೊರಗ ಇಡಾಕೂ ಬರೂದಿಲ್ಲ."

ರಾಣಿ ಜೋರಾಗಿ ನಕ್ಕಳು. ಮದುವೆ ನಿಶ್ಚಯವಾದದ್ದು ಆಗ. ಮೇಲಿನ ಸೂರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲವೆಂದು ರಾಣಿ ಇವತ್ತಿಗೂ ವಾದಿಸುತ್ತಾಳೆ.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಮದುವೆ ಆಯಿತು. ಆರತಿಯ ಕುಂಕುಮ ಒಣಗುವ ಮೊದಲೇ ಗೋಡೌನಿನ ನೆಲಕ್ಕೆ ಸುಣ್ಣದ ಗೆರೆ ಬಿತ್ತು. ಗಂಗಾ ದಿನಾ ಮೊದಲ ಬಸ್ಸಿಗೆ ನೇಸರಗಿಗೆ ಬರತೊಡಗಿದಳು. ಗಾಳಿ ಇರಲಿಲ್ಲ ನಿಜ, ಆದರೆ ಹತ್ತಿಯ ಎಳೆ ಇತ್ತು. ಒಂದು ಸ್ಮ್ಯಾಷ್‌ಗೆ ಎರಡು ಸೀನು. ಗಂಗಾ ಸೀನಿದ ಗಳಿಗೆಯನ್ನೇ ಕಾದು ರಾಣಿ ಬಲೆಯಂಚಿಗೆ ಶಟಲ್ ಹಾಕುವುದನ್ನು ಕಲಿತಳು.

ಕೃಷ್ಣವ್ವ ಮೊದಲ ವಾರ ಬಾಗಿಲಲ್ಲಿ ನಿಂತು ಸೊಸೆಯ ಓಟವನ್ನು ದುರುಗುಟ್ಟಿ ನೋಡಿದಳು. ಎರಡನೆಯ ವಾರ ಒಳಗೆ ಬಂದು ಹತ್ತಿ ತುಂಬುವ ಖಾಲಿ ಅಂಡಿಗೆ ಚೀಲಗಳ ಮೇಲೆ ಕುಳಿತಳು. ಮೂರನೆಯ ವಾರ ಬಾಯಿ ತೆರೆದಳು.

"ಏ ಗಂಗವ್ವ, ಅಷ್ಟ ಉದ್ದ ಬೆಳದೀಯ, ಬಗ್ಗಾಕ ನಾಚಿಕಿ ಏನ? ರಾಣಿ, ಅಕಿ ಬಲಕ್ಕ ನಿಂತಾಳ, ಎಡಕ್ಕ ಒಗಿ! ಎಡಕ್ಕ ಜಾಗಾ ಖಾಲಿ ಬಿದ್ದೈತಿ, ಹೊಲದಾಗಿನ ಒಡ್ಡಿನಂಗ!"

ಅವಳು ಹೇಳುವುದು ಬಹಳ ಸಲ ಸರಿಯೇ ಇರುತ್ತಿತ್ತು, ಅದೇ ಗಂಗಾಳಿಗೆ ಹೆಚ್ಚು ಸಿಟ್ಟು ಬರಿಸುತ್ತಿತ್ತು.

ಸುಗ್ಗಿ ಬಂತು. ಅಂಡಿಗೆಗಳು ಗೋಡೆಯಿಂದ ಗೋಡೆಗೆ ಏರತೊಡಗಿದವು. ಕೃಷ್ಣವ್ವ ಕೋಲು ಹಿಡಿದು ನಿಂತು ಹಮಾಲರಿಗೆ ಅಪ್ಪಣೆ ಮಾಡಿದಳು: ಬಿಳಿ ಗೆರೆಯ ಆಚೆ ಎಷ್ಟಾದರೂ ಒಟ್ಟಿರಿ, ಈಚೆ ಒಂದು ಅಂಡಿಗೆ ಬಂದರೂ ಕಾಲು ಮುರಿಯುತ್ತೇನೆ. ಆದರೂ ಹತ್ತಿ ಹೆಚ್ಚಾದ ವರ್ಷ ಅರ್ಧ ಕೋರ್ಟೇ ಉಳಿಯಿತು. ಅಂಡಿಗೆಗಳ ಸಂದಿಯಲ್ಲಿ ನಿಂತು ಚಪ್ಪಟೆಯಾಗಿ, ವೇಗವಾಗಿ ಹೊಡೆಯುವುದನ್ನು ಇಬ್ಬರೂ ರೂಢಿ ಮಾಡಿಕೊಂಡರು. ಎದುರಾಳಿಗಳಿಗೆ ಆ ಹೊಡೆತ ತಲೆನೋವಾಯಿತು.

ಮದುವೆಯ ಮೂರನೆಯ ವರ್ಷ ದಾವಣಗೆರೆಯಲ್ಲಿ ರಾಜ್ಯ ಮಟ್ಟದ ಪಂದ್ಯಾವಳಿ. ಅಷ್ಟರಲ್ಲಿ ಪಂಪಿನ ಕಂಪನಿಯವರು, ಈ ಸಲ ಗೆಲ್ಲದಿದ್ದರೆ ತಂಡವನ್ನೇ ಮುಚ್ಚುತ್ತೇವೆ ಎಂದಿದ್ದರು. ಗಂಗಾ, ರಾಣಿ, ಕಲ್ಮೇಶ, ಕೃಷ್ಣವ್ವ ನಾಲ್ವರೂ ಬುತ್ತಿ ಕಟ್ಟಿಕೊಂಡು ಹೊರಟರು. ಕೃಷ್ಣವ್ವ ಕಿತ್ತೂರು ದಾಟುವವರೆಗೆ ದೇವರನ್ನು ಬೇಡಿಕೊಂಡಳು, ಆಮೇಲೆ ದಾವಣಗೆರೆಯ ತನಕ ತಂತ್ರ ಹೇಳಿಕೊಟ್ಟಳು.

ಫೈನಲ್ಲಿಗೆ ಬಂದರು. ಎದುರಿಗೆ ಬೆಂಗಳೂರಿನ ಜೋಡಿ. ಒಂದೊಂದು ಆಟ ಸಮ ಆಗಿ ಮೂರನೆಯದು ನಡೆದಿತ್ತು. ಹದಿನೈದಕ್ಕೆ ಆಟ, ಸರ್ವಿಸ್ ಮಾಡಿದವರು ಗೆದ್ದರೆ ಮಾತ್ರ ಅಂಕ ಸಿಗುವ ಕಾಲ ಅದು. ಎಷ್ಟು ಹೊಡೆದಾಡಿದರೂ ಫಲಕ ಅಲ್ಲಾಡದೆ ನಿಂತುಬಿಡುತ್ತಿತ್ತು. ಕೃಷ್ಣವ್ವನಿಗೆ ತಡೆಯಲಾಗಲಿಲ್ಲ.

"ರಾಣಿ, ಆ ದಪ್ಪ ಜಡಿ ಹುಡಿಗಿ ಹಿಂದ ಸರ್ಯಾಕ ಒಲ್ಲಳು, ಅಕಿ ತಲಿ ಮ್ಯಾಲೆ ಹಾಕ!"

ಅಂಪೈರ್ ಆಟ ನಿಲ್ಲಿಸಿದ. "ಅಮ್ಮಾ, ಹೊರಗಿಂದ ಹೇಳಿಕೊಡೋ ಹಾಗಿಲ್ಲ."

"ನಾ ನನ್ನ ಸೊಸಿಗೆ ಹೇಳಾಕತ್ತೇನಿ. ನಿಮ್ಮ ಮನ್ಯಾಗ ಅತ್ತಿ ಸೊಸಿಗೆ ಏನೂ ಹೇಳೂದಿಲ್ಲೇನಪಾ?"

ಸಭೆಯೆಲ್ಲ ನಕ್ಕಿತು. ಇನ್ನೊಮ್ಮೆ ಬಾಯಿ ತೆರೆದರೆ ಹೊರಗೆ ಕಳಿಸುತ್ತೇನೆ ಎಂದ ಅಂಪೈರ್. ಕೃಷ್ಣವ್ವ ಸೆರಗು ಬಾಯಿಗೆ ತುರುಕಿಕೊಂಡು ಕುಳಿತಳು.

ಹತ್ತು ಹತ್ತು ಆಗಿದ್ದಾಗ ರಾಣಿಯ ಪಾದ ಹೊರಳಿತು. ಅವಳು ನೆಲಕ್ಕೆ ಕುಳಿತ ಸಪ್ಪಳಕ್ಕೆ ಗಂಗಾ ಕೈಯ ರಾಕೆಟ್ ಎಸೆದಳು. ಓಡಿಹೋಗಿ ನೋಡಿದಳು. ಕೀಲು ಆಗಲೇ ಬದನೆಕಾಯಿಯಂತೆ ಊದಿತ್ತು. ಸಂಬಳ, ಕಂಪನಿ, ಕಪ್ಪು ಒಂದೂ ಆ ಹೊತ್ತಿಗೆ ಅವಳ ತಲೆಯಲ್ಲಿ ಇರಲಿಲ್ಲ; ಅದು ಅವಳಿಗೇ ಆಶ್ಚರ್ಯವಾಯಿತು. ಅಂಪೈರ್ ಕಡೆ ತಿರುಗಿ, "ಬಿಟ್ಟಕೊಡತೇವ್ರಿ" ಎಂದಳು.

ರಾಣಿ ಅವಳ ಅಂಗಿ ಹಿಡಿದು ಎಳೆದಳು. "ಯಾರನ್ನ ಕೇಳಿ ಬಿಟ್ಟಕೊಡಾಕತ್ತಿ?"

"ಕಾಲ ನೋಡಿಕೋ ಹುಚ್ಚಿ!"

"ಕಾಲ ನಂದು. ಗಂಡ ನನ್ನಾಂವ. ಗೋಡೌನೂ ನಂದು. ನೀ ಹಿಂದ ನಿಂತು ಓಡು ಅಷ್ಟ. ಇಷ್ಟ ವರ್ಷ ನನ್ನ ಮುಂದ ಓಡಿಸಿ, ಈಗ ಒಂದೀಟ ನೀ ಓಡು."

ಕಲ್ಮೇಶ ತನ್ನ ಕೊರಳ ವಸ್ತ್ರ ಕೊಟ್ಟ. ಅದನ್ನು ಬಿಗಿದು ಕಟ್ಟಿಕೊಂಡು ರಾಣಿ ಬಲೆಯ ಹತ್ತಿರ ಕೊಕ್ಕರೆಯಂತೆ ನಿಂತಳು. ತನ್ನ ಕೈಗೆ ಎಟುಕಿದ್ದನ್ನು ಬಿಡಲಿಲ್ಲ. ಎಟುಕದ್ದೆಲ್ಲ ಗಂಗಾಳ ಪಾಲು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಗಂಗಾ ಬಿದ್ದಳು, ಎದ್ದಳು, ಒಮ್ಮೆ ಮೊಣಕಾಲ ಮೇಲೆಯೇ ಕುಳಿತು ಹೊಡೆದಳು. ರಾಣಿಯ ಕಾಲಿಗೆ ದೂರ ಹಾಕುವ ಆಸೆಗೆ ಬಿದ್ದು ಬೆಂಗಳೂರಿನವರು ಗೆರೆಯ ಆಚೆಗೇ ಹಾಕತೊಡಗಿದರು. ಹದಿಮೂರು. ಹದಿನಾಲ್ಕು. ಕಡೆಯ ಶಟಲ್ ಬಲೆಯ ಮೇಲಂಚಿಗೆ ಬಡಿದು, ಯಾವ ಕಡೆ ಬೀಳಲೆಂದು ಯೋಚಿಸಿ, ಆಚೆಗೆ ಬಿತ್ತು.

ಕೃಷ್ಣವ್ವ ಬಾಯಿಯ ಸೆರಗು ಕಿತ್ತು ಮೊದಲು ಕೂಗಿದ್ದು ಅಂಪೈರ್‌ಗೆ: "ಈಗ ಮಾತಾಡಬಹುದೇನಪಾ?"

ಕಂಪನಿ ತಂಡ ಮುಚ್ಚಲಿಲ್ಲ. ಇಬ್ಬರೂ ಮುಂದೆ ಇನ್ನೂ ಮೂರು ವರ್ಷ ಆಡಿದರು. ಇನ್ನೊಮ್ಮೆ ರಾಜ್ಯ ಗೆದ್ದರು, ರಾಷ್ಟ್ರ ಮಟ್ಟದಲ್ಲಿ ಎಂಟರ ಘಟ್ಟ ಮುಟ್ಟಿ ಸೋತು ಬಂದರು. ಆದರೆ ದಾವಣಗೆರೆಯಿಂದ ಮರಳಿದ ಆ ತಿಂಗಳು ಮಾತ್ರ ರಾಣಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಾಸಿಗೆಯಲ್ಲಿದ್ದಳು. ಗಂಗಾ ರೂಢಿಯ ಮೇಲೆ ಮೊದಲ ಬಸ್ಸಿಗೆ ಬಂದು, ಅವಳನ್ನು ಮಾತಾಡಿಸಿ, ಖಾಲಿ ಗೋಡೌನಿನಲ್ಲಿ ಒಬ್ಬಳೇ ಗೋಡೆಗೆ ಹೊಡೆಯುತ್ತ ನಿಂತಿದ್ದಳು.

ಕೃಷ್ಣವ್ವ ಬಂದಳು. ಸೀರೆಯ ಕಚ್ಚೆ ಬಿಗಿದಿದ್ದಳು. ಕೈಯಲ್ಲಿ ಸೊಸೆಯ ರಾಕೆಟ್.

"ಅವ್ವಾರ, ನೀವು?"

"ನೋಡಿ ನೋಡಿ ಕೈ ಕಡಿಯಾಕತ್ತೈತಿ. ಆ ಕಡೆ ಹೋಗಿ ನಿಂದರು. ನಾ ಓಡೂದಿಲ್ಲ ಮತ್ತ, ಮೊದಲ ಹೇಳತೇನಿ. ನಾ ನಿಂತಲ್ಲೆ ಹಾಕಬೇಕ."

ಗಂಗಾ ಅವಳು ನಿಂತಲ್ಲಿಗೇ ಮೆತ್ತಗೆ ಹಾಕಿದಳು. ಕೃಷ್ಣವ್ವ ಹಲ್ಲು ಕಚ್ಚಿ ಬೀಸಿದಳು. ಶಟಲ್ ಗಂಗಾಳ ಎಡಕ್ಕೆ, ಗೆರೆಯ ಮೇಲೆಯೇ ಹೋಗಿ ಬಿತ್ತು. ಗಂಗಾ ಬಾಯಿ ತೆರೆದು ನೋಡುತ್ತ ನಿಂತಳು.

"ನಿಂತ ಏನ್ ನೋಡತಿ?" ಎಂದಳು ಕೃಷ್ಣವ್ವ. "ಓಡು!"