ಬನಾನಾ ಎಂಬ ಪದದ ಬೇರು

ಇಷ್ಟು ಹಳದಿ ಯಾವ ಬಾಳೆಹಣ್ಣೂ ಇರುವುದಿಲ್ಲ, ಚಿತ್ರ ಬರೆದ ಪುಣ್ಯಾತ್ಮ ಹಣ್ಣು ಕಂಡಿದ್ದನೋ ಇಲ್ಲವೋ, ಕಾರ್ಡಿನ ಮೂಲೆ ಮುದುರಿದೆ, ಎಷ್ಟು ರೋಗಿಗಳ ಕೈ ಬೆವರು ಕುಡಿದಿದೆಯೋ, ಇದೇನು ಹೇಳಿ ಸರ್, ಮಾತು ಕಲಿಸುವ ಹುಡುಗಿ ಮೂರನೆಯ ಸಲ ಕೇಳುತ್ತಿದ್ದಾಳೆ, ಯಜಮಾನರು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ, ನಿಘಂಟಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಪದಗಳ ಬೇರು ಕೆದಕಿದ ಮನುಷ್ಯ, ಲಕ್ವ ಹೊಡೆದು ನಾಲ್ಕು ತಿಂಗಳಾಯಿತು, ಒಂದು ಪದ ಹೊರಟಿಲ್ಲ, ಮುಂದಿನ ವಾರವೂ ಇಷ್ಟೇ ಆದ್ರೆ ಇನ್ನು ಕರ್ಕೊಂಡು ಬರಬೇಡಿ ಅಮ್ಮಾ, ಒಳಗೆ ಏನೂ ಉಳಿದಿಲ್ಲ ಅಂತ ಬರೀಬೇಕಾಗುತ್ತೆ, ಹೋದ ವಾರವೇ ಹೇಳಿದ್ದಳು, ಎಷ್ಟು ಸಲೀಸಾಗಿ ಹೇಳಿದಳು ಪಾಪಿ, ಏನೂ ಉಳಿದಿಲ್ಲವಂತೆ, ಖಾಲಿ ಡಬ್ಬಿಯೇನು ಅವರು — ರೀ, ಏನಾದರೂ ಅನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ — ಬೆರಳು, ಎಂದರು ಯಜಮಾನರು. ಹುಡುಗಿ ಹಾಳೆಯಲ್ಲಿ ತಪ್ಪು ಎಂದು ಗೀಟೆಳೆದಳು.

ತಪ್ಪಲ್ಲ ಕಣಮ್ಮಾ, ತಪ್ಪಲ್ಲ! ಹೆಂಡತಿಯ ಧ್ವನಿ ಗೋಡೆಗೆ ಬಡಿದು ವಾಪಸು ಬಂತು, ನಿಘಂಟಿಗಾಗಿ ಬನಾನಾ ಎಂಬ ಪದದ ಕಾರ್ಡನ್ನು ಟೈಪು ಮಾಡಿದವಳು ಅವಳೇ, ಆಫ್ರಿಕಾದ ಪಶ್ಚಿಮ ಕರಾವಳಿಯ ಮಾತು, ಪೋರ್ಚುಗೀಸ್ ನಾವಿಕರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಬಂದದ್ದು, ಬೆರಳು ಎಂಬ ಅರ್ಥದ ಅರಬ್ಬಿ ಪದವೇ ಮೂಲವೆಂದು ಕೆಲವರ ಊಹೆ, ಆ ಊಹೆ ಇರಬೇಕೋ ಬೇಡವೋ ಎಂದು ಇವರು ಒಂದಿಡೀ ತಿಂಗಳು ಊಟ ಬಿಟ್ಟು ಒದ್ದಾಡಿದ್ದು, ಒಂದು ಬಾಳೆಹಣ್ಣಿಗೇ ಹೀಗಾದ್ರೆ ನೀವು ದ್ರಾಕ್ಷಿಗೆ ಬರೋ ಹೊತ್ತಿಗೆ ನನ್ನ ಹಲ್ಲೆಲ್ಲ ಉದುರಿರುತ್ತೆ ಬಿಡಿ ಎಂದು ಅವಳು ರೇಗಿಸಿದ್ದು, ಇದ್ದಾರೆ, ಒಳಗೇ ಇದ್ದಾರೆ, ಬಾಗಿಲು ಸಿಕ್ಕದೆ ಹಿತ್ತಿಲಿನಿಂದ ಬರುತ್ತಿದ್ದಾರೆ ಅಷ್ಟೆ, ಅವಳ ಕಣ್ಣು ತುಂಬಿ ಹಳದಿಯೆಲ್ಲ ಕದಡಿತು. ಹುಡುಗಿ ಪೆನ್ನು ಕಚ್ಚಿದಳು, ಕೆಟ್ಟವಳಲ್ಲ, ಹಾಗಿದ್ರೆ ಇನ್ನೊಂದು ಸಲ ನೋಡೋಣ ಅಮ್ಮಾ, ಈಗ ನಿಮ್ಮ ಬೆರಳು ತೋರ್ಸಿ.

ತೋರುಬೆರಳು ಚಾಚಿದಳು, ಯಜಮಾನರು ನೋಡಿದರು, ನಕ್ಕರು, ನಾಲ್ಕು ತಿಂಗಳ ಮೇಲೆ ಮೊದಲ ನಗು, ಗೊತ್ತು ಇವರಿಗೆ, ಎಲ್ಲಾ ಗೊತ್ತು, ಎರಡೂ ಕೈಯಿಂದ ಬೆರಳನ್ನು ಮೆಲ್ಲಗೆ ಹಿಡಿದುಕೊಂಡರು, ಅಂಗೈ ಬೆಚ್ಚಗಿದೆ, ಹಣ್ಣು, ಎಂದರು, ಸ್ಪಷ್ಟವಾಗಿ, ಹೆಬ್ಬೆರಳಿನ ಉಗುರನ್ನು ಅವಳ ಬೆರಳ ತುದಿಗೆ ಒತ್ತಿದರು, ಚರ್ಮದ ಅಂಚು ಹುಡುಕುತ್ತಿದ್ದಾರೆ, ಸಿಪ್ಪೆ ಎಲ್ಲಿಂದ ಶುರು ಎಂದು ಹುಡುಕುತ್ತಿದ್ದಾರೆ, ಅಯ್ಯೋ ದೇವರೇ, ವಾರದಿಂದ ಇವರು ಅವಳ ಕೈಯನ್ನೇ ನೋಡುತ್ತ ಕೂರುತ್ತಿದ್ದರು, ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ, ಪ್ರೀತಿ ಎಂದುಕೊಂಡಿದ್ದಳು, ಪೆದ್ದಿ, ಹಸಿವು ಅದು — ಕೈ ಬಿಡಿಸ್ಕೊಳ್ಳಿ ಅಮ್ಮಾ, ಹುಡುಗಿ ಎದ್ದು ನಿಂತಿದ್ದಾಳೆ, ಬಿಡಿಸಿಕೊಂಡರೆ ಒಪ್ಪಿಕೊಂಡ ಹಾಗೆ, ಬಿಡಿಸಿಕೊಂಡರೆ ಹಾಳೆಯಲ್ಲಿ ಬರೆದೇಬಿಡುತ್ತಾಳೆ, ಪರೀಕ್ಷೆಗೆ ಉತ್ತರ ಕೊಡ್ತಿದ್ದಾರೆ ಕಣಮ್ಮಾ, ಸ್ವಲ್ಪ ಸುಮ್ನಿರು, ಎಂದಳು, ಕೈ ಚಾಚಿಯೇ ಇದ್ದಳು, ಎಷ್ಟು ಜೋಪಾನವಾಗಿ ಹಿಡಿದಿದ್ದಾರೆ, ಉಗುರು, ಅವಳಿಗಾಗಿಯೇ ಸುಲಿಯುವ ಹಾಗೆ, ಉಗುರು ಈಗ ಒಳಗಿಳಿದಿದೆ, ಉಗುರಿನ ಸುತ್ತ ಕೆಂಪಗೆ ಒಂದು ಗೆರೆ, ಯಜಮಾನರು ನಗುತ್ತಿದ್ದಾರೆ, ಉಗುರು, ಸಿಪ್ಪೆಯ ಮೊದಲ ಎಳೆ, ಉಗುರು —